ಚಾಚಿ ಕಂಡಕ್ಟರ್ ಆದ ಭಾನುವಾರ

ಅಥವಾ ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿದ್ದೆನೋ ಏನೋ. ವಿಡಿಯೊದಲ್ಲಿ ನೋಡಿದರೆ ಹಾಗೇ ಇದೆ. ಕಂಪ್ಯೂಟರಿನ ಪರದೆಯಲ್ಲಿ ಬಸ್ಸು ಮೊದಲ ಸ್ಟಾಪಿನಲ್ಲಿ ನಿಂತಿದೆ, ಚಾಚಾ ಸ್ಟಿಯರಿಂಗ್ ಹಿಡಿದು ಕೂತಿದ್ದಾರೆ, ಹಿಂದಿನಿಂದ ಚಾಚಿಯ ದನಿ ಬರುತ್ತದೆ, ಅದಾದ ಮೇಲೆ ಟೀ ತಟ್ಟೆ ಹಿಡಿದ ಒಂದು ಕೈ ಪಕ್ಕದಿಂದ ಕಾಣಿಸಿಕೊಳ್ಳುತ್ತದೆ. ಬಳೆ ನೋಡಿದರೆ ಆ ಕೈ ನನ್ನದೇ. ಅಂದರೆ ಚಾಚಿ ಬಾಯಿ ತೆರೆದಾಗ ನಾನು ಅಲ್ಲಿರಲಿಲ್ಲ. ಆದರೆ ಅವರು ದಿವಾನದ ಮೇಲೆ ಮೊಣಕೈ ಊರಿ ಅರ್ಧ ಎದ್ದದ್ದು, ತಲೆಯ ಮೇಲಿನ ಸೆರಗು ಜಾರಿದ್ದು, ಮುಖದಲ್ಲಿ ಸಿಡುಕು ತುಂಬಿಕೊಂಡದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಕ್ಯಾಮೆರಾ ಇಡೀ ದಿನ ಒಮ್ಮೆಯೂ ಅವರ ಕಡೆ ತಿರುಗಲಿಲ್ಲ. ಹಾಗಾದರೆ ಈ ಮುಖ ನನಗೆ ಎಲ್ಲಿಂದ ಬಂತು?

ಬಹುಶಃ ಬೇರೆ ಯಾವತ್ತೋ ನೋಡಿದ ಮುಖ ಇರಬೇಕು. ತಂದು ಇಲ್ಲಿ ಅಂಟಿಸಿಕೊಂಡಿದ್ದೇನೆ. ಇನ್ನು ಮುಂದೆ ಬರುವುದರಲ್ಲಿಯೂ ಇಂಥ ಅಂಟು ಎಷ್ಟಿದೆಯೋ ಹೇಳಲಾರೆ. ವಿಡಿಯೊ ಇದೆ ಎನ್ನುವುದು ಸಹಾಯವೂ ಹೌದು, ತೊಂದರೆಯೂ ಹೌದು. ಅದನ್ನು ಎಷ್ಟು ಸಲ ನೋಡಿದ್ದೇನೆಂದರೆ, ನೆನಪಾಗುತ್ತಿರುವುದು ಆ ದಿನವೋ ಅಥವಾ ಪರದೆಯೋ ತಿಳಿಯುವುದಿಲ್ಲ.

ನಮ್ಮದು ನೆಲಮಂಗಲದ ಹೊರಗೆ, ಗೋಡೌನುಗಳ ಹಿಂದಿನ ಬಡಾವಣೆ. ನನ್ನ ತಂಗಿಯ ಮಗಳು ನನ್ನ ಜೊತೆಗಿದ್ದಾಳೆ. ವಾರವಿಡೀ ಒಂದು ಗೋಡೌನಿನಲ್ಲಿ ಪಾರ್ಸೆಲ್ ಸ್ಕ್ಯಾನ್ ಮಾಡುತ್ತಾಳೆ, ಭಾನುವಾರ ಮುಂಬಾಗಿಲಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಬಸ್ಸು ಓಡಿಸುತ್ತಾಳೆ. ಆಟದ ಬಸ್ಸು. ಮೇಜಿಗೆ ತಿರುಪು ಹಾಕಿ ಬಿಗಿದ ಸಣ್ಣ ಸ್ಟಿಯರಿಂಗ್, ಕಾಲ ಬಳಿ ಪೆಡಲುಗಳು. ಯಾರೋ ಹುಚ್ಚು ಹಿಡಿದವರು ನಮ್ಮ ಹೆದ್ದಾರಿಗಳನ್ನೇ ಆ ಆಟದೊಳಗೆ ಬರೆದು ಹಾಕಿದ್ದಾರೆ, ಟೋಲು, ಡಾಬಾ, ಬಸ್ ಸ್ಟ್ಯಾಂಡಿನ ಸಿಮೆಂಟು ಬೆಂಚು ಎಲ್ಲ ಸೇರಿಸಿ. ಅವಳು ಓಡಿಸುವುದನ್ನು ಜನ ತಮ್ಮ ತಮ್ಮ ಫೋನಿನಲ್ಲಿ ಲೈವ್ ನೋಡುತ್ತಾರೆ. ಡ್ರೈವರುಗಳ ಮಕ್ಕಳು, ರಜೆಯಲ್ಲಿರುವ ಕಂಡಕ್ಟರುಗಳು, ಊರು ಬಿಟ್ಟು ಗಲ್ಫಿನಲ್ಲಿರುವವರು. ನೋಡುತ್ತ ಪಕ್ಕದಲ್ಲಿ ಬರೆಯುತ್ತಾರೆ: ಹಾರ್ನ್ ಹೊಡಿ ಗುರು, ಆ ಲಾರಿಗೆ ಸೈಡ್ ಕೊಡ್ಬೇಡ ಕಣೇ. ಯಾರೋ ಬಸ್ಸು ಓಡಿಸುವುದನ್ನು ಕೂತು ನೋಡುವ ಜನ ಇದ್ದಾರೆ ಎಂದು ನಂಬಲು ನನಗೆ ಬಹಳ ಕಾಲ ಹಿಡಿಯಿತು. ನಾನು ವರ್ಷಗಟ್ಟಲೆ ಬೆಂಗಳೂರಿಗೆ ಬಸ್ಸಿನಲ್ಲಿ ನಿಂತು ಹೋಗಿಬಂದವಳು. ಬಸ್ಸನ್ನು ಯಾರಾದರೂ ಪ್ರೀತಿಸಬಹುದೆಂದು ಹೊಳೆದಿರಲಿಲ್ಲ.

ಚಾಚಾ, ಚಾಚಿ ಎದುರುಮನೆಯವರು. ಇಡೀ ಬೀದಿಗೆ ಅವರು ಚಾಚಾ, ಚಾಚಿ. ಚಾಚಾ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು, ಹೆಚ್ಚಾಗಿ ಮಂಗಳೂರಿನ ಕಡೆಯ ರೂಟು. ಎಡಗಣ್ಣಿನ ಅಂಚು ಮಸುಕಾಗುತ್ತ ಬಂದು, ಪರೀಕ್ಷೆಯಲ್ಲಿ ಸಿಕ್ಕಿಬಿದ್ದು, ಕೊನೆಯ ವರ್ಷಗಳನ್ನು ಡಿಪೋದೊಳಗೆ ಟೈರು ಎಣಿಸುತ್ತ ಕಳೆದು ಮನೆಗೆ ಬಂದರು. ಆ ಮೇಲೆ ಸ್ಕೂಟರನ್ನೂ ಮುಟ್ಟಿಲ್ಲ. ಅವರ ಬಸ್ಸಿನಲ್ಲಿ ಚಾಚಿ ಒಮ್ಮೆಯೂ ಕೂತಿಲ್ಲ ಎಂಬುದನ್ನು ಚಾಚಿಯೇ ನನಗೆ ಹೇಳಿದ್ದು. ಕೂರಿಸಲಿಲ್ಲವಂತೆ. "ಮನೆಯೋಳು ಹಿಂದೆ ಕೂತಿದ್ರೆ ಕನ್ನಡೀನೇ ನೋಡೋದಾಗುತ್ತೆ, ರೋಡು ಯಾರು ನೋಡ್ತಾರೆ" ಅನ್ನುತ್ತಿದ್ದರಂತೆ.

ಚಾಚಿಯ ಎರಡೂ ಕಿಡ್ನಿ ಕೆಟ್ಟು, ವಾರಕ್ಕೆ ಮೂರು ಸಲ ಬೆಂಗಳೂರು ದಾರಿಯ ಆಸ್ಪತ್ರೆಯೊಂದಕ್ಕೆ ಡಯಾಲಿಸಿಸ್‌ಗೆ ಹೋಗಬೇಕು. ಊರಿನ ಕೆಲವು ಅಂಗಡಿಯವರು ಸೇರಿ ಇಂಥವರಿಗಾಗಿಯೇ ಒಂದು ವ್ಯಾನು ಇಟ್ಟಿದ್ದರು. ಸುತ್ತಲಿನ ಹಳ್ಳಿಗಳ ರೋಗಿಗಳನ್ನೂ ಹತ್ತಿಸಿಕೊಂಡು, ಬೆಳಿಗ್ಗೆ ಬಂದು ಮನೆ ಮುಂದೆ ಹಾರ್ನ್ ಹೊಡೆಯುತ್ತಿತ್ತು. ಆ ವ್ಯಾನಿನ ಎಂಜಿನ್ ಸೀಜಾಯಿತು. ರಿಪೇರಿಗೆ ಹಣ ಸೇರಲಿಲ್ಲ. ಚಾಚಿ ಬಸ್ಸನ್ನೇ ಹತ್ತಬೇಕಾಯಿತು. ಹೋಗುವಾಗ ಹೇಗೋ ಹೋಗುತ್ತಾರೆ. ಬರುವಾಗ, ಮೈಯ ರಕ್ತವೆಲ್ಲ ಹೊರಗೆ ಹೋಗಿ ಒಳಗೆ ಬಂದಮೇಲೆ, ಕಂಬಿ ಹಿಡಿದು ನಿಲ್ಲುವುದು ಹೇಗೆ? ಅರ್ಧ ಬಸ್ಸುಗಳು ಸ್ಟಾಪಿಗೆ ಬಾರದೆ ಫ್ಲೈಓವರ್ ಮೇಲೆಯೇ ಹೊರಟುಹೋಗುತ್ತವೆ. ಚಾಚಿ ಮೊದಲು ಒಂದು ಸಲ ಡಯಾಲಿಸಿಸ್ ತಪ್ಪಿಸಿದರು. ಆಮೇಲೆ ಇನ್ನೊಂದು.

ಅವರೆಕಾಯಿಯ ಕಾಲ ಅದು. ಅವರು ನನ್ನ ಬಾಗಿಲಲ್ಲಿ ಕೂತು ನನ್ನ ಮನೆಯ ಅವರೆಕಾಯಿ ಬಿಡಿಸುತ್ತಿದ್ದರು. ಅವರಿಗೆ ತಿನ್ನುವ ಹಾಗಿಲ್ಲ. "ತಿನ್ನೋಕಿಲ್ಲ, ಬಿಡಿಸೋಕೇನು," ಅನ್ನುತ್ತಿದ್ದರು.

"ಇನ್ನು ನಾನು ಹೋಗಲ್ಲಮ್ಮ."

"ಎಲ್ಲಿಗೆ ಚಾಚಿ?"

"ಅಲ್ಲಿಗೇ. ಸಾಕಾಗೋಯ್ತು. ನಾನು ಬಸ್ಸಲ್ಲಿ ನೇತಾಡೋದು, ಇವರು ನನ್ನನ್ನ ಹಿಡ್ಕೊಂಡು ನೇತಾಡೋದು. ಈ ವಯಸ್ಸಲ್ಲಿ ಇದೇನು ಸರ್ಕಸ್ಸಾ?"

"ಹೋಗ್ದೆ ಇದ್ರೆ ಏನಾಗುತ್ತೆ ಅಂತ ಗೊತ್ತಲ್ವಾ?"

"ಗೊತ್ತು," ಎಂದರು. ಕಾಯಿ ಬಿಡಿಸುವ ಕೈ ನಿಲ್ಲಲಿಲ್ಲ.

ಈ ಮಾತು ನನ್ನ ಬಾಗಿಲಲ್ಲೇ ಆಯಿತೇ ಅಥವಾ ಅವರ ಮನೆಯ ಮೆಟ್ಟಿಲ ಮೇಲೋ, ಈಗ ಖಚಿತವಿಲ್ಲ. ಅವರೆಕಾಯಿಯೂ ಬೇರೆ ದಿನದ್ದಿರಬಹುದು. "ಗೊತ್ತು" ಅಂದದ್ದು ಮಾತ್ರ ನಿಜ.

ನಾನದನ್ನು ನನ್ನ ಹುಡುಗಿಗೆ, ತಂಗಿಯ ಮಗಳಿಗೆ, ಹೇಳಿದೆ. ಅವಳು ಊಟ ಮಾಡುತ್ತಿದ್ದವಳು ಅರ್ಧಕ್ಕೇ ಎದ್ದು ಹೋಗಿ ಫೋನು ತಂದಳು. ಅವಳ ಜೊತೆಯವರು ಆಟ ಆಡಿ ಆಡಿ ಯಾವುದೋ ಶಾಲೆಗೆ ಬೆಂಚು, ಇನ್ಯಾರದೋ ಆಪರೇಷನ್ನಿಗೆ ದುಡ್ಡು ಸೇರಿಸಿದ್ದಾರಂತೆ. ಒಂದು ದಿನವಿಡೀ ಲೈವ್ ಆಡುವುದು, ನೋಡುವವರು ಕೈಲಾದದ್ದು ಹಾಕುವುದು. "ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ಬಸ್ ಓಡಿಸ್ತೀವಿ ದೊಡ್ಡಮ್ಮ. ನೆಲಮಂಗಲದಿಂದ ಮಂಗಳೂರು. ದುಡ್ಡು ಸೀದಾ ವ್ಯಾನಿಗೆ. ಡ್ರೈವರ್ ಯಾರು ಗೊತ್ತಾ?"

ಚಾಚಾ ಮೊದಲು ನಕ್ಕರು. "ಆಟದ ಸಾಮಾನು ನಾನು ಓಡಿಸ್ಲಾ?" ಆಮೇಲೆ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಪೆಡಲಿನ ಮೇಲೆ ಚಪ್ಪಲಿ ಬಿಟ್ಟ ಕಾಲು ಇಟ್ಟು ನೋಡಿದರು. ಕ್ಲಚ್ಚು ಬಹಳ ಸಡಿಲ ಎಂದು ಕಂಪ್ಲೇಂಟು ಹೇಳಿದರು.

ಭಾನುವಾರ ಚಾಚಿಗೆ ಆಸ್ಪತ್ರೆಯ ದಿನವಲ್ಲ. ಮನೆಯಲ್ಲಿ ಒಬ್ಬರನ್ನೇ ಬಿಡುವುದು ಬೇಡವೆಂದು ಕರೆತಂದು ನಮ್ಮ ದಿವಾನದ ಮೇಲೆ ಮಲಗಿಸಿದೆವು. ದಿವಾನ ಗೋಡೆಗೆ, ಮೇಜು ಕಿಟಕಿಗೆ. ಹೀಗಾಗಿ ಚಾಚಿ ಚಾಚಾನ ಬೆನ್ನ ಹಿಂದೆ, ಪಕ್ಕದಿಂದ ಚಾಚಾನ ಮುಖವನ್ನಷ್ಟೇ ಹಿಡಿಯುವ ಕ್ಯಾಮೆರಾಗೆ ಕಾಣದ ಹಾಗೆ. ಪರದೆಯ ಮೂಲೆಯಲ್ಲಿ ಒಂದು ಹಸಿರು ಪಟ್ಟಿ, ದುಡ್ಡು ಬಂದ ಹಾಗೆ ಉದ್ದವಾಗುವಂಥದ್ದು. "ಅದೇನು ಹಸಿರು?" ಎಂದರು ಚಾಚಿ. "ನಿಮ್ಮ ವ್ಯಾನಿನ ಎಂಜಿನ್ ಚಾಚಿ. ಅದು ಈ ಕಡೆಯಿಂದ ಆ ಕಡೆಗೆ ತುಂಬಿದ್ರೆ ವ್ಯಾನ್ ಓಡುತ್ತೆ." ಚಾಚಿ ಗೋಡೆಯ ಕಡೆ ತಿರುಗಿ ಮಲಗಿದರು.

ಚಾಚಾ ಹೊರಟರು, ಮೊದಲ ಸ್ಟಾಪಿನಲ್ಲಿ ನಿಲ್ಲಿಸಿದರು. ಬಾಗಿಲು ತೆರೆಯಿತು. ಆಟದ ಜನ ಇಳಿದರು, ಹತ್ತಿದರು. ಬಾಗಿಲು ಮುಚ್ಚಿತು. ಬಸ್ಸು ಅಲ್ಲೇ ನಿಂತಿತು.

ಚಾಟ್‌ನಲ್ಲಿ ಬರಹಗಳು ಏರತೊಡಗಿದವು. ಹ್ಯಾಂಗ್ ಆಯ್ತಾ ಗುರು? ಡ್ರೈವರ್ ಸಾಹೇಬ್ರು ನಿದ್ದೆ. ನನ್ನ ಹುಡುಗಿ ವೈರು ಎಳೆದು ನೋಡಿದಳು, ಮೇಜಿನ ಕೆಳಗೆ ಬಗ್ಗಿದಳು. ಆಟ ಸರಿಯಾಗಿಯೇ ಇತ್ತು.

"ಚಾಚಾ, ಹೊರಡಿ."

"ರೈಟ್ ಎಲ್ಲಮ್ಮ?"

"ಏನು?"

"ಕಂಡಕ್ಟ್ರು ರೈಟ್ ಅನ್ಬೇಕಲ್ಲ. ಯಾರಾದ್ರೂ ಒಂದು ಕಾಲು ಮೆಟ್ಲ ಮೇಲೆ, ಒಂದು ಕಾಲು ನೆಲದ ಮೇಲಿದ್ರೆ?"

"ಅಯ್ಯೋ ಚಾಚಾ, ಅವೆಲ್ಲ ಬೊಂಬೆಗಳು. ಯಾರೂ ಬೀಳಲ್ಲ."

"ಬೊಂಬೆ ಆದ್ರೇನು, ಕಾಲಿದೆಯಲ್ಲ."

ಅವಳು ನಗು ತಡೆದುಕೊಂಡು "ಸರಿ, ರೈಟ್" ಎಂದಳು. ಬಸ್ಸು ಕದಲಲಿಲ್ಲ. "ನನ್ನ ಪಕ್ಕ ಕೂತು ರೈಟ್ ಅಂದ್ರೆ ಆಗಲ್ಲಮ್ಮ. ಹಿಂದಿನ ಬಾಗಿಲು ನಿನಗೆ ಕಾಣುತ್ತಾ? ನನಗಂತೂ ಎಡಗಡೆ ಕಾಣಲ್ಲ. ಹಿಂದಿಂದ ಬರ್ಬೇಕು." ಚಾಟ್ ತುಂಬ ಜನ ರೈಟ್ ರೈಟ್ ಎಂದು ಬರೆಯುತ್ತಿದ್ದರು. ಬರೆದದ್ದು ಲೆಕ್ಕಕ್ಕಿಲ್ಲ. ಕಿವಿಗೆ ಬೀಳಬೇಕು.

ಆಗ, ನಾನು ಅಡುಗೆಮನೆಯಲ್ಲಿದ್ದಾಗ ಅಥವಾ ಇಲ್ಲದಾಗ, ಹಿಂದಿನಿಂದ: "ಏನ್ರೀ ಡ್ರೈವರ್ರೇ, ಎಲ್ಲಾ ಹತ್ತಾಯ್ತು. ರೈಟ್. ಹೋಗ್ರೀ ಮುಂದಕ್ಕೆ, ಇಷ್ಟೊತ್ತು ನಿಂತ್ರೆ ಊರು ಸೇರೋದು ಯಾವಾಗ?"

ಬಸ್ಸು ಹೊರಟಿತು. ಚಾಟ್ ಹುಚ್ಚೆದ್ದಿತು. ಯಾರದು, ಯಾರದು ದನಿ? ಕಂಡಕ್ಟರ್ ಮೇಡಂ ಮುಖ ತೋರ್ಸಿ! ಚಾಚಿ ಮುಖ ತೋರಿಸಲು ಒಪ್ಪಲಿಲ್ಲ. "ನಕ್ಕೋ, ಬೇಡ" ಎಂದು ಕೈಯಾಡಿಸಿದರು. ಆದರೆ ಮಲಗಲೂ ಇಲ್ಲ. ಬೆನ್ನಿಗೆ ದಿಂಬು ಕೇಳಿ ಪಡೆದು ಕೂತರು.

ಆಮೇಲೆ ದುಡ್ಡು ಹಾಕುವವರೆಲ್ಲ ಟಿಕೆಟ್ ಕೇಳತೊಡಗಿದರು. ಸೋಲೂರಿಗೆ ಒಂದು ಚಾಚಿ. ಕುಣಿಗಲ್‌ಗೆ ನಾನು, ನಮ್ಮ ಹೆಂಡ್ತಿ, ಒಂದು ಕುಕ್ಕರ್. ಹುಡುಗಿ ಓದಿ ಹೇಳಬೇಕು, ಚಾಚಿ ತೀರ್ಪು ಕೊಡಬೇಕು. "ಕುಕ್ಕರಿಗೆ ಲಗೇಜ್ ಚಾರ್ಜು. ಹೇಳು ಅವನಿಗೆ." ಗಲ್ಫಿನಿಂದ ಒಬ್ಬ ಚನ್ನರಾಯಪಟ್ಟಣದಲ್ಲಿ ಇಳಿಸಿ ಎಂದ. "ಊಟ ಮಾಡಿದ್ನಾ ಕೇಳು. ಅಲ್ಲಿ ಈಗ ಎಷ್ಟು ಗಂಟೆ?" ಮಾಡಿಲ್ಲವೆಂದು ಬರೆದ. "ಹಾಗಾದ್ರೆ ಇಳಿಸಲ್ಲ. ಮಾಡ್ಕೊಂಡು ಬರ್ಲಿ." ಅವನು ನಿಜವಾಗಿಯೂ ಎದ್ದುಹೋಗಿ ಕುಬೂಸ್ ರೊಟ್ಟಿಯಿದ್ದ ತಟ್ಟೆಯ ಫೋಟೊ ಕಳಿಸಿದ.

ಚಾಚಾ ಒಂದು ಕಡೆ ದಾರಿ ತಪ್ಪಿದರು. ಅವರ ತಲೆಯೊಳಗಿನ ರಸ್ತೆಯಲ್ಲಿ ಊರೊಳಗೆ ಹೋಗಿ ಎಡಕ್ಕೆ ತಿರುಗಬೇಕು, ಆಟದಲ್ಲಿ ಬೈಪಾಸು. ತಿರುಗಲು ಹೋಗಿ ಮೋರಿಯ ಗೋಡೆಗೆ ಒರಗಿಸಿದರು. "ಇದ್ಯಾವ ರೋಡಮ್ಮ? ಇಲ್ಲಿ ಒಂದು ಹೋಟ್ಲಿತ್ತು, ಎಲ್ಲಿ ಹೋಯ್ತು?" ಹಿಂದಿನಿಂದ ಚಾಚಿ, "ರೋಡು ಅಲ್ಲೇ ಇದೆ, ನಿಮ್ಮ ಹೋಟ್ಲೇ ನೋಡ್ಕೊಂಡು ಹೋಗಿದೀರ. ರಿವರ್ಸ್, ರಿವರ್ಸ್, ಬರ್ಲಿ ಬರ್ಲಿ, ಹಾಂ," ಎಂದು ಗೋಡೆ ತಟ್ಟಿ ಸದ್ದು ಮಾಡಿದರು. ಬಸ್ಸಿನ ತಗಡು ಬಡಿಯುವ ಹಾಗೆ. ಎಂದೂ ಗಂಡನ ಬಸ್ಸು ಹತ್ತದ ಹೆಂಗಸಿಗೆ ಇದೆಲ್ಲ ಯಾರು ಕಲಿಸಿದರು? ಬೇರೆಯವರ ಬಸ್ಸುಗಳೇ ಇರಬೇಕು.

ಒಂದು ಸಂಗತಿಯನ್ನು ವಿಡಿಯೊದಲ್ಲಿ ನೋಡುವವರೆಗೂ ನಾನು ಗಮನಿಸಿರಲಿಲ್ಲ. ಚಾಚಿಗೆ ದಿನಕ್ಕೆ ಇಷ್ಟೇ ನೀರು ಎಂದು ಅಳತೆ. ಕೂಗಿ ಕೂಗಿ ಅವರ ಗಂಟಲು ಒಣಗಿ, ದನಿ ಒಂದಿಷ್ಟು ಮಾತ್ರ, ನನ್ನ ಕಿವಿಗೆ ಗೊತ್ತಾಗದಷ್ಟು, ಒರಟಾಗಿತ್ತು. ಚಾಚಾ ರಸ್ತೆಯಿಂದ ಕಣ್ಣು ತೆಗೆಯದೆ, "ಐಸ್ ಕೊಡಮ್ಮ ಅವಳಿಗೆ, ಒಂದು ತುಂಡು," ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಮತ್ತೆ. ನನ್ನ ಕೈ ಬಟ್ಟಲು ಹಿಡಿದು ಹಾದುಹೋಗುತ್ತದೆ. ಅವರು ಕೇಳಿದ್ದನ್ನು ನಾನು ಕೊಟ್ಟಿದ್ದೇನೆ, ಯಾಕೆ ಕೇಳಿದರೆಂದು ಯೋಚಿಸಿಲ್ಲ.

ಈಗ ಯಡಿಯೂರು.

ಇದನ್ನು ಎರಡು ಮೂರು ಥರ ಬರೆದು ಹರಿದಿದ್ದೇನೆ. ಪ್ರತಿ ಸಲವೂ ಚೆನ್ನಾಗಿ ಬಂತು, ಅದಕ್ಕೇ ಅನುಮಾನ. ಈ ಸಲ ನಡೆದದ್ದನ್ನಷ್ಟೇ ಹೇಳುತ್ತೇನೆ.

ದೂರದ ಬಸ್ಸುಗಳಲ್ಲಿ ಡ್ರೈವರನ ಪಕ್ಕ, ಎಂಜಿನ್ನಿನ ಬಾನೆಟ್ಟಿನ ಹತ್ತಿರ ಒಬ್ಬರು ಕೂರುತ್ತಾರೆ. ಡ್ರೈವರ್ ಅವರ ಜೊತೆ ಮಾತಾಡುತ್ತಾನೆ, ತನ್ನ ಮನೆಯದು, ಮಗಳದು, ಸಾಲದ್ದು, ಏನು ಬೇಕಾದರೂ. ಹಿಂದಿನ ಸೀಟುಗಳಿಗೆ ಕೇಳಿಸುವುದಿಲ್ಲ. ಎಂಜಿನ್ನಿನ ಸದ್ದು ಮುಚ್ಚಿಬಿಡುತ್ತದೆ. ಬೆಳಿಗ್ಗೆಯಿಂದ ಓಡಿಸಿ ಓಡಿಸಿ ಚಾಚಾಗೆ ಅದು ನಿಜವಾದ ಬಸ್ಸೇ ಆಗಿಹೋಗಿತ್ತು. ಸ್ಪೀಕರಿನಲ್ಲಿ ಎಂಜಿನ್ ಗುಡುಗುಡು ಅನ್ನುತ್ತಿತ್ತು. ಪಕ್ಕದಲ್ಲಿ ನನ್ನ ಹುಡುಗಿ. ಅವಳಿಗೆ, ಅವಳೊಬ್ಬಳಿಗೇ ಎಂದುಕೊಂಡು, ಚಾಚಾ ಹೇಳಿದರು:

"ವ್ಯಾನು ಬಂದ್ರೂ ಇವಳು ಹತ್ತಲ್ಲಮ್ಮ. ನನಗೆ ಗೊತ್ತು. ಹೋಗೋದೇ ಬೇಡ ಅಂತ ಮನಸ್ಸು ಮಾಡ್ಬಿಟ್ಟಿದಾಳೆ. ನಾನು ಏನು ಅನ್ಲಿ? ಸೂಜಿ ಚುಚ್ಚಿಸ್ಕೊಳೋಳು ಅವಳು. ಹೋಗು ಅಂತ ಯಾವ ಬಾಯಲ್ಲಿ ಅನ್ಲಿ?"

ಮೈಕು ಅವರ ಗಲ್ಲದ ಮುಂದೆಯೇ ಇತ್ತು. ನೋಡುತ್ತಿದ್ದವರೆಲ್ಲ ಕೇಳಿದರು. ಕೋಣೆಯೊಳಗೆ ಚಾಚಿಯೂ ಕೇಳಿದರು.

 ಚಾಟ್‌ನಲ್ಲಿ ಒಂದೇ ಸಮ ಬಂತು. ಹೋಗಿ ಚಾಚಿ. ನಮಗೋಸ್ಕರ ಹೋಗಿ. ಬಿಡ್ಬೇಡಿ ಚಾಚಿ. ನಮ್ಮಮ್ಮನೂ ಹೀಗೇ ಅಂದ್ರು. ಹಸಿರು ಪಟ್ಟಿ ಅಲ್ಲಿಯವರೆಗೆ ಆಮೆಯ ಹಾಗೆ ಸಾಗುತ್ತಿದ್ದದ್ದು ಕಣ್ಣೆದುರೇ ಜಗ್ಗಿಕೊಂಡು ಉದ್ದವಾಯಿತು. ನನ್ನ ಹುಡುಗಿ ಒಂದನ್ನೂ ಗಟ್ಟಿಯಾಗಿ ಓದಲಿಲ್ಲ. ಆದರೆ ಚಾಚಿಗೆ ಕನ್ನಡ ಓದಲು ಬರುತ್ತದೆ, ಪರದೆಯೂ ದೊಡ್ಡದೇ.

ಚಾಚಾ ಯಡಿಯೂರಿನಲ್ಲಿ ಬಸ್ಸು ನಿಲ್ಲಿಸಿದರು. ಬಾಗಿಲು ತೆರೆಯಿತು. ಮುಚ್ಚಿತು. ಹಿಂದಿನಿಂದ ದನಿ ಬರಲಿಲ್ಲ.

ಚಾಚಾ ತಿರುಗಿ ನೋಡಲಿಲ್ಲ. ಹೊರಡಲೂ ಇಲ್ಲ.

ಈ ಭಾಗಕ್ಕೆ ವಿಡಿಯೊದಲ್ಲಿ ಸದ್ದೇ ಇಲ್ಲ. ಪಕ್ಕದ ರಸ್ತೆಯಲ್ಲಿ ಯಾರದೋ ಗೃಹಪ್ರವೇಶ, ಶಾಮಿಯಾನದ ಸ್ಪೀಕರಿನಲ್ಲಿ ಸಿನಿಮಾ ಹಾಡು ಹಾಕಿದ್ದರು. ಹಾಡಿನ ಹಕ್ಕು ಬೇರೆಯವರದಂತೆ, ಅದಕ್ಕೆ ವಿಡಿಯೊ ಇಟ್ಟುಕೊಂಡಿರುವ ಕಂಪನಿಯ ಯಂತ್ರ ಅಷ್ಟೂ ಹೊತ್ತಿನ ದನಿಯನ್ನು ತಾನೇ ಅಳಿಸಿಹಾಕಿದೆ. ಚಾಚಾನ ಮುಖ ಮಾತ್ರ ಉಳಿದಿದೆ. ಎರಡೂ ಕೈ ಸ್ಟಿಯರಿಂಗಿನ ಮೇಲಿವೆ. ಕಣ್ಣು ಪರದೆಯ ಮೇಲೋ ಅದರಾಚೆಯೋ. 

ನಾನು ಈ ಸಲ ಕೋಣೆಯಲ್ಲೇ ಇದ್ದೆ. ಪಕ್ಕದಲ್ಲಿ ನನ್ನ ಸೀರೆಯ ಅಂಚು ಕಾಣುತ್ತದೆ. ಚಾಚಿ ಏನೂ ಮಾತಾಡಲಿಲ್ಲ ಎಂದು ನನ್ನ ನೆನಪು. ಐಸಿನ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನನ್ನ ಹುಡುಗಿ ಹೇಳುವುದು ಬೇರೆ: ಚಾಚಿ ತಮ್ಮ ಭಾಷೆಯಲ್ಲಿ, ಮೆಲ್ಲಗೆ, ಏನೋ ಹೇಳಿದರು, ಚಾಚಾ "ಹೌ", ಅಂದರೆ ಹೌದು, ಎಂದರು. ಚಾಚಾನ ತುಟಿ ಅಲುಗುತ್ತದೆಯೇ ಎಂದು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಅಲುಗಿದಂತೆಯೂ ಕಾಣುತ್ತದೆ, ಮೀಸೆಯ ನೆರಳಿನಂತೆಯೂ ಕಾಣುತ್ತದೆ.

ದನಿ ಮರಳುವ ಹೊತ್ತಿಗೆ ಚಾಚಿ ಮಾತಿನ ಮಧ್ಯದಲ್ಲಿದ್ದಾರೆ: "...ಯಾರ್ರೀ ಯಡಿಯೂರಲ್ಲಿ ಇಳಿಯೋರು, ಬೇಗ ಇಳೀರಿ, ಮುಂದೆ ಘಾಟಿದೆ, ಕತ್ತಲಾಗುತ್ತೆ. ಹಾಂ, ರೈಟ್."

ಬಸ್ಸು ಹೊರಡುತ್ತದೆ.

ಸಕಲೇಶಪುರ ತಲುಪುವ ಮೊದಲೇ ಪಟ್ಟಿ ತುಂಬಿತು. ಆದರೂ ಯಾರೂ ಇಳಿಯಲಿಲ್ಲ. ಘಾಟಿಯ ತಿರುವುಗಳಲ್ಲಿ ಚಾಚಾ ಹಾರ್ನ್ ಹೊಡೆಯುತ್ತ, ಚಾಚಿ "ಮೆಲ್ಲಗೆ, ಮೆಲ್ಲಗೆ, ಹೆಂಗಸ್ರು ಮಕ್ಕಳಿದಾರೆ" ಅನ್ನುತ್ತ ಇಳಿದುಹೋದದ್ದನ್ನು ನಾನು ವರ್ಣಿಸಬಹುದು. ವರ್ಣಿಸುವುದಿಲ್ಲ. ಅಲ್ಲಿ ನನಗೆ ಸುಖವಾಗಿತ್ತು, ಅಷ್ಟೇ. ಸುಖದ ನೆನಪುಗಳು ಒಂದನ್ನೊಂದು ನಕಲು ಮಾಡುತ್ತವೆ.

ವ್ಯಾನಿಗೆ ತುಮಕೂರು ರಸ್ತೆಯ ಗ್ಯಾರೇಜಿನಲ್ಲಿ ಎಂಜಿನ್ ಕೂರಿಸಿದರು. ನಾಳೆ ಬರುತ್ತದೆ ಎಂದು ಫೋನ್ ಬಂದ ಸಂಜೆ ಚಾಚಾ ಗೇಟಿನ ಹತ್ತಿರ ನಿಂತಿದ್ದರು.

"ಚಾಚಿ ಏನಂತಾರೆ?" ಎಂದೆ.

"ನಾನು ಕೇಳಿಲ್ಲಮ್ಮ. ಅಷ್ಟು ಜನರ ಮುಂದೆ ಒಂದು ಸಲ ಅಂದುಬಿಟ್ಟೆನಲ್ಲ, ಅದೇ ಜಾಸ್ತಿಯಾಯ್ತು. ಇನ್ನು ಕೇಳಿದ್ರೆ ಹೇರಿದ ಹಾಗೆ."

"ಹತ್ತದೆ ಇದ್ರೆ?"

"ಹತ್ತದೆ ಇದ್ರೆ ವ್ಯಾನು ಬೇರೆಯವರನ್ನ ಕರ್ಕೊಂಡು ಹೋಗುತ್ತೆ. ಅದಕ್ಕೂ ದುಡ್ಡು ಹಾಕಿದಾರಲ್ಲ." ಆಮೇಲೆ, "ನಾನು ಮನೇಲಿರ್ತೀನಿ ಅವಳ ಜೊತೆ," ಎಂದರು.

ಬೆಳಿಗ್ಗೆ ವ್ಯಾನು ಬಂದು ನಿಂತಿತು. ಒಳಗೆ ಆಗಲೇ ನಾಲ್ಕಾರು ಜನ, ಮಫ್ಲರು ಸುತ್ತಿಕೊಂಡವರು. ಚಾಚಾ ಮೆಟ್ಟಿಲ ಮೇಲೆ ನಿಂತು ಬೀದಿಯ ಆ ತುದಿಯನ್ನು ನೋಡುತ್ತಿದ್ದರು, ಅಲ್ಲಿ ಏನೋ ಇದ್ದ ಹಾಗೆ. ನಾನು ನನ್ನ ಬಾಗಿಲಲ್ಲಿದ್ದೆ. ಹುಡುಗಿ ಶಿಫ್ಟಿಗೆ ತಡವಾದರೂ ನಿಂತಿದ್ದಳು. ಚಾಚಿ ಹೊರಗೆ ಬಂದರು. ಕೈಯಲ್ಲಿ ಆಸ್ಪತ್ರೆಯ ಚೀಲ, ಅದರೊಳಗೆ ಮಡಿಸಿದ ಹೊದಿಕೆ; ಯಂತ್ರಕ್ಕೆ ಹಾಕಿದಾಗ ಅವರಿಗೆ ಚಳಿಯಾಗುತ್ತದೆ. ವ್ಯಾನಿನ ಬಾಗಿಲ ಬಳಿ ಕ್ಷಣ ನಿಂತರು. ನಿಂತರು ಎಂದು ನನಗೆ ಅನ್ನಿಸಿತು. ಆಮೇಲೆ ಒಳಗಿನವರಿಗೆ "ಸರ್ಕೊಳ್ರಿ ಸ್ವಲ್ಪ" ಎಂದು ಹತ್ತಿ ಕೂತರು. ಚಾಚಾ ಓಡಿಹೋಗಿ ಪಕ್ಕದಲ್ಲಿ ಕೂತರು. ಅವರ ಚಪ್ಪಲಿ ಮೆಟ್ಟಿಲ ಮೇಲೆಯೇ ಉಳಿಯಿತು.

ಈಗಲೂ ಹೋಗುತ್ತಾರೆ. ಒಮ್ಮೊಮ್ಮೆ ತಪ್ಪಿಸುತ್ತಾರೆ, ಹೆಚ್ಚಾಗಿ ಹೋಗುತ್ತಾರೆ. ಭಾನುವಾರ ನನ್ನ ಹುಡುಗಿ ಲೈವ್ ಶುರು ಮಾಡಿದ ಕೂಡಲೇ ಜನ ಕೇಳುತ್ತಾರೆ: ಚಾಚಿ ಈ ವಾರ ಹೋದ್ರಾ? ಅವಳು "ಹೋದ್ರು" ಎಂದು ಬರೆಯುತ್ತಾಳೆ. ಆ ಪ್ರಶ್ನೆ ಕಂಡಾಗ ನನಗೆ ಒಂದು ದಿನ ಕಣ್ಣು ತುಂಬಿಬರುತ್ತದೆ, ಇನ್ನೊಂದು ದಿನ ಆ ಪ್ರೀತಿ ಅವರ ಹೆಗಲ ಮೇಲೆ ಎಷ್ಟು ಭಾರವೋ ಎನ್ನಿಸುತ್ತದೆ.

ಆ ಬೆಳಿಗ್ಗೆ ಚಾಚಿ ತಮಗೆ ಇನ್ನೂ ಬದುಕಬೇಕು ಅನ್ನಿಸಿ ವ್ಯಾನು ಹತ್ತಿದರೋ, ಅಷ್ಟೊಂದು ಜನಕ್ಕೆ ಒಲ್ಲೆ ಅನ್ನಲಾರದೆ ಹತ್ತಿದರೋ, ನನಗೆ ಗೊತ್ತಿಲ್ಲ. ಎದುರುಮನೆಯಲ್ಲೇ ಇದ್ದಾರೆ, ದಿನವೂ ಮಾತಾಡುತ್ತೇವೆ. ಕೇಳಿಲ್ಲ. ಚಾಚಾಗೆ ಗೊತ್ತಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ.